ಕರಡು ತಿದ್ದುವವರ ಮನೆಯ ಮಾತು

ಆ ಮುದ್ರಣಾಲಯದಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಯಜಮಾನರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವರು ಸೂಜಿಗಣ್ಣಿನವರು. ಮೂವತ್ತೆಂಟು ವರ್ಷ ಅವರು ಅಲ್ಲಿ ಕರಡು ತಿದ್ದಿದರು. ಕಿಟಕಿಯ ಪಕ್ಕ ಒಂದು ಮೇಜು, ಅದರ ಮೇಲೆ ಕೆಂಪು ಪೆನ್ನು, ಭೂತಗನ್ನಡಿ, ಸಾಲಿನ ಕೆಳಗಿಟ್ಟು ಜರುಗಿಸಲು ರಟ್ಟಿನ ಪಟ್ಟಿ. ಪಕ್ಕದ ಕೋಣೆಯ ಯಂತ್ರಕ್ಕೆ ಗೋಡೆ ಗುಡುಗುಟ್ಟಿದರೂ ಅವರ ಕಣ್ಣು ಕಾಗದ ಬಿಟ್ಟು ಏಳುತ್ತಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ತಪ್ಪು ಆರಿಸುತ್ತಿದ್ದರು.

ಅವರದೇ ಒಂದು ಕ್ರಮವಿತ್ತು. ಪುಟವನ್ನು ಮೊದಲ ಸಲ ಮೇಲಿನಿಂದ ಕೆಳಕ್ಕೆ ಓದುವುದು, ಎರಡನೆಯ ಸಲ ಕೊನೆಯ ಸಾಲಿನಿಂದ ಮೇಲಕ್ಕೆ. ಕೆಳಗಿನಿಂದ ಓದಿದರೆ ಏನೂ ಅರ್ಥವಾಗುವುದಿಲ್ಲ. ಅವರಿಗೆ ಬೇಕಾದದ್ದೂ ಅದೇ. "ಅರ್ಥದ ಬೆನ್ನು ಹತ್ತಿ ಹೋದವನು ಅಕ್ಷರ ಕಳಕೊಳ್ತಾನೆ" ಎನ್ನುವುದು ಅವರ ಮಾತು.

"ಅಲ್ಲ ಸೂಜಿಗಣ್ಣಿನವರೇ, ನಿಮ್ಮ ಮದುವೆ ಕರೆಯೋಲೇಲಿ ತಪ್ಪು ಸಿಕ್ಕಿದ್ರೆ ಏನ್ ಮಾಡ್ತಿದ್ರಿ?" ಎಂದು ಯಂತ್ರದವನು ಒಮ್ಮೆ ಕೆಣಕಿದ.

"ಮತ್ತೆ ಅಚ್ಚು ಹಾಕಿಸ್ತಿದ್ದೆ."

"ಅಷ್ಟರಲ್ಲಿ ಮದುವೆ ದಿನ ಕಳೆದುಹೋಗಿದ್ರೆ?"

"ದಿನಾಂಕಾನೂ ತಿದ್ದಿಸ್ತಿದ್ದೆ."

ಯಂತ್ರದವನು ನಕ್ಕ. ಅವರು ನಗಲಿಲ್ಲ, ಏಕೆಂದರೆ ಅವರು ತಮಾಷೆಗೆ ಹೇಳಿರಲಿಲ್ಲ.

ಕೆಲಸದ ಕೊನೆಯ ವರ್ಷ ಒಬ್ಬ ವೈದ್ಯರ ಪುಸ್ತಕಗಳು ಅಚ್ಚಿಗೆ ಬಂದವು. ಎಲ್ಲವೂ ಮುಪ್ಪಿನ ಬಗ್ಗೆ. ವಯಸ್ಸಾದವರ ನಡಿಗೆ, ನಿದ್ದೆ, ಮೂಳೆ, ಊಟ, ಹಾಸಿಗೆ ಹಿಡಿದವರ ಆರೈಕೆ, ಮರೆವು, ಹೀಗೆ ಒಟ್ಟು ಹನ್ನೆರಡು. ಸೂಜಿಗಣ್ಣಿನವರು ಹನ್ನೆರಡನ್ನೂ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓದಿ ಮುಗಿಸಿದರು. ವೈದ್ಯರು ಒಂದು ದಿನ ಮೇಜಿನ ಹತ್ತಿರ ಬಂದು ಕೇಳಿದರು:

"ಎಲ್ಲಾ ಓದಿದೀರಲ್ಲ, ಪುಸ್ತಕ ಹೇಗಿದೆ?"

"ಪುಟಕ್ಕೆ ಮೂರು ತಪ್ಪು ಇತ್ತು ಸರ್. ಈಗಿಲ್ಲ."

ಇವರು ಇನ್ನೇನಾದರೂ ಹೇಳುತ್ತಾರೇನೋ ಎಂದು ವೈದ್ಯರು ಸ್ವಲ್ಪ ಹೊತ್ತು ನಿಂತಿದ್ದು, ಹೋದರು.

ಇನ್ನು ಅವರ ಹೆಂಡತಿಯ ವಿಷಯ. ಆಕೆ ಟೆಲಿಫೋನ್ ಕಚೇರಿಯಲ್ಲಿ ಕರೆ ಜೋಡಿಸುವ ಕೆಲಸದಲ್ಲಿದ್ದವಳು. ದಿನವಿಡೀ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಊರವರ ದನಿ ಕೇಳಿ, ಸಂಜೆ ಮನೆಗೆ ಬಂದರೆ ಬಾಯಿಗೆ ಬೀಗ ಇರುತ್ತಿರಲಿಲ್ಲ. ಯಾರ ಮಗಳಿಗೆ ಹೆರಿಗೆಯಾಯಿತು, ಯಾವ ಅಂಗಡಿಯವನು ಯಾರ ಮೇಲೆ ಕಿರುಚಿದ, ಎಲ್ಲವೂ ಊಟದ ಜೊತೆ ಬಡಿಸಲಾಗುತ್ತಿತ್ತು. ಸೂಜಿಗಣ್ಣಿನವರು ತಟ್ಟೆಯ ಮುಂದೆ ಕೂತು ಕೇಳುವರು. ಕೇಳುತ್ತಾ ನಡುವೆ ಒಂದು ಮಾತು ಹಾಕುವರು:

"ಬುಧವಾರ ಅಲ್ಲ, ಮಂಗಳವಾರ."

"ಆಯ್ತು ರೀ, ಮಂಗಳವಾರಾನೇ ಇರ್ಲಿ. ಹುಡುಗಿ ಬಾವಿಗೆ ಬಿದ್ದಿದ್ದು ಮಂಗಳವಾರ. ಈಗ ಅವಳನ್ನ ಮೇಲೆತ್ತೋಕೆ ಬಿಡ್ತೀರೋ ಇಲ್ವೋ?"

ಆಗ ಆಕೆ ಹಾಗೆ ತಿರುಗಿ ಹೇಳಬಲ್ಲವಳಾಗಿದ್ದಳು. ಒಂದು ತಪ್ಪು ಹಿಡಿದರೆ ನಾಲ್ಕು ಮಾತು ಹೆಚ್ಚಿಗೆ ಆಡುವಳು. ಹಾಗಾಗಿ ನಲವತ್ತು ವರ್ಷ ಅವರ ತಿದ್ದುಪಡಿಯಿಂದ ಯಾರಿಗೂ ಏನೂ ಆಗಲಿಲ್ಲ.

ಮರೆವು ಬಂದದ್ದು ಕಳ್ಳಹೆಜ್ಜೆಯಲ್ಲಿ. ಸೂಜಿಗಣ್ಣಿನವರು ನಿವೃತ್ತಿಯಾದ ವರ್ಷವೇ ಆಕೆ ಖಾಲಿ ಪಾತ್ರೆಯನ್ನು ಒಲೆಯ ಮೇಲಿಟ್ಟು ಮರೆತಳು. ಆಮೇಲೆ ಪಕ್ಕದ ಮನೆಯವಳನ್ನು ತನ್ನ ಅಕ್ಕನ ಹೆಸರಿನಿಂದ ಕರೆದಳು. ದಿನಗಳು ಹಿಂದುಮುಂದಾದವು. ಸೂಜಿಗಣ್ಣಿನವರು ಕೈಕಟ್ಟಿ ಕೂರುವವರಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ, ಬೆಳಿಗ್ಗೆ ನಡಿಗೆ, ಸ್ನಾನಕ್ಕೆ ಹದವಾದ ನೀರು, ಎಲ್ಲವನ್ನೂ ಚೂರೂ ತಪ್ಪದ ಹಾಗೆ ಮಾಡಿದರು. ಇಡೀ ಓಣಿಯೇ "ಗಂಡ ಅಂದ್ರೆ ಇವರಪ್ಪಾ" ಅಂದಿತು. ಹೆಂಡತಿಯ ನೆನಪು ಜಾರುತ್ತಿದೆ ಎಂದು ಅವರಿಗೆ ಗೊತ್ತಿತ್ತು. ಜಾರುವುದನ್ನು ಹಿಡಿದು ನಿಲ್ಲಿಸಬೇಕೆಂದರೆ ಪ್ರತಿ ತಪ್ಪನ್ನೂ ಆಗಿಂದಾಗಲೇ ತಿದ್ದಬೇಕು ಎಂದು ಅವರು ನಂಬಿದರು. ತಪ್ಪು ಕಂಡೂ ಬಿಟ್ಟರೆ ಅದು ಮುಂದಿನ ಅಚ್ಚಿನಲ್ಲೂ ಉಳಿಯುತ್ತದೆ, ಅಷ್ಟೇ ಅವರಿಗೆ ಗೊತ್ತಿದ್ದ ನ್ಯಾಯ.

ಒಂದು ಬೆಳಿಗ್ಗೆ ಆಕೆ ಲವಲವಿಕೆಯಿಂದ ಎದ್ದಳು.

"ರೀ, ನಿನ್ನೆ ನಮ್ಮಣ್ಣ ಬಂದಿದ್ದ. ಎಷ್ಟು ಸೊರಗಿದಾನೆ ಅಂತೀರಿ."

"ನಿನ್ನೆ ಯಾರೂ ಬಂದಿಲ್ಲ."

"ಬಂದಿದ್ದ ರೀ. ಇಲ್ಲೇ, ಈ ಕುರ್ಚಿ ಮೇಲೆ ಕೂತಿದ್ದ."

"ನಿಮ್ಮಣ್ಣ ತೀರಿಕೊಂಡು ಒಂಬತ್ತು ವರ್ಷ ಆಯ್ತು. ನಾವಿಬ್ರೂ ಹೋಗಿದ್ವಿ, ನೆನಪು ಮಾಡ್ಕೊ."

ಆಕೆಗೆ ಅದು ಒಂಬತ್ತು ವರ್ಷ ಹಳೆಯ ಸುದ್ದಿಯಲ್ಲ, ಈಗ ಬಂದ ಸುದ್ದಿ. ಕುರ್ಚಿಯ ಕೈ ಹಿಡಿದುಕೊಂಡು ಮಧ್ಯಾಹ್ನದವರೆಗೆ ಅತ್ತಳು. ಸೂಜಿಗಣ್ಣಿನವರು ಪಕ್ಕದಲ್ಲೇ ಕೂತು ಬೆನ್ನು ಸವರಿದರು, ನೀರು ಕುಡಿಸಿದರು. ಕಹಿ ಔಷಧಿ ಎಂದುಕೊಂಡರು. ಮುಂದಿನ ವಾರ ಅಣ್ಣ ಮತ್ತೆ ಬಂದ. ಅವರು ಮತ್ತೆ ಅದೇ ಔಷಧಿ ಕೊಟ್ಟರು. ಹೀಗೆ ಆಕೆಯ ಅಣ್ಣ ಆ ಮನೆಯಲ್ಲಿ ಎಷ್ಟು ಸಲ ಸತ್ತನೋ, ಲೆಕ್ಕ ಇಟ್ಟವರಿಲ್ಲ.

ಬರಬರುತ್ತಾ ಆಕೆ ಮಾತು ಶುರು ಮಾಡುವ ಮೊದಲು ಗಂಡನ ಮುಖ ನೋಡತೊಡಗಿದಳು. ಅರ್ಧ ಮಾತು ಆಡಿ, ನಿಲ್ಲಿಸಿ, "ಸರಿನಾ?" ಎನ್ನುವಳು. ಅವರು ತಲೆಯಾಡಿಸಿದರೆ ಉಳಿದರ್ಧ. ಆಮೇಲೆ ಆ ಅರ್ಧವೂ ಹೋಯಿತು. "ಹೂಂ", "ಬೇಡ", "ನೀರು" ಉಳಿದವು. ಒಂದು ದಿನ ಅವೂ ನಿಂತು, ಬೊಟ್ಟು ಮಾಡಿ ತೋರಿಸುವುದಷ್ಟೇ ಉಳಿಯಿತು. ಕಾಯಿಲೆ ಬಲಿತಿದೆ ಎಂದುಕೊಂಡರು ಸೂಜಿಗಣ್ಣಿನವರು. ಮಾತಿನ ಮಲ್ಲಿಯಾಗಿದ್ದವಳು ಎದುರಿಗೆ ಕೂತು ಗೋಡೆ ನೋಡುತ್ತಿದ್ದಳು. ಆಕೆ ಸಾಯುವ ಮೊದಲು ಆಕೆಯ ಬಾಯಿಂದ ಒಂದು ಪೂರ್ತಿ ಮಾತು ಕೇಳಬೇಕು, ಅವರಿಗೆ ಬೇರೇನೂ ಬೇಕಿರಲಿಲ್ಲ.

ಮಗಳು ಎರಡು ಬಸ್ಸು ಬದಲಾಯಿಸಿ ಬರುವಷ್ಟು ದೂರದಲ್ಲಿದ್ದಳು, ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ಅಪ್ಪನ ಬೆನ್ನು ಬಾಗುತ್ತಿರುವುದನ್ನು ನೋಡಿ ಅವಳೇ ಮಧ್ಯಾಹ್ನದ ಹೊತ್ತಿಗೆ ಒಬ್ಬ ಆರೈಕೆಯ ಹೆಂಗಸನ್ನು ಗೊತ್ತು ಮಾಡಿದಳು. ಒಂದು ಭಾನುವಾರ ಬರುವಾಗ ಕೈಯಲ್ಲೊಂದು ಪುಸ್ತಕವಿತ್ತು.

"ಡಾಕ್ಟರು ಓದಿ ಅಂದ್ರು ಅಪ್ಪ. ಮರೆವು ಬಂದವರನ್ನ ನೋಡ್ಕೊಳ್ಳೋರಿಗಂತೆ." ಅಡುಗೆಮನೆಯ ಹೊಸ್ತಿಲಲ್ಲೇ ಕೂತು ಪುಟ ತಿರುವಿದಳು. "ಇಲ್ಲಿ ಕೇಳಿ. 'ಅವರ ಮಾತಿನಲ್ಲಿ ತಪ್ಪಿದ್ದರೆ ತಿದ್ದಬೇಡಿ. ತೀರಿಕೊಂಡವರು ಬಂದಿದ್ದರು ಎಂದರೆ, ಏನು ಹೇಳಿದರು ಎಂದು ಕೇಳಿ. ಪದೇ ಪದೇ ತಿದ್ದಿಸಿಕೊಂಡವರು ತಪ್ಪಿಗೆ ಹೆದರಿ ಮಾತನ್ನೇ ಬಿಟ್ಟುಬಿಡಬಹುದು.'"

ಸೂಜಿಗಣ್ಣಿನವರು ತರಕಾರಿ ಹೆಚ್ಚುತ್ತಿದ್ದರು. ಕತ್ತಿ ನಿಂತಿತು.

"ಇನ್ನೊಂದ್ ಸಲ ಓದು."

ಮಗಳು ಓದಿದಳು. ಆಮೇಲೆ ಪುಸ್ತಕದ ಮೊದಲ ಹಾಳೆಗೆ ಹೋಗಿ ಯಾರು ಬರೆದದ್ದು ಎಂದು ನೋಡಿದವಳು ಹುಬ್ಬೇರಿಸಿದಳು. "ಅಪ್ಪ, ಇದರಲ್ಲಿ ನಿಮ್ಮ ಹೆಸರಿದೆ. ಕರಡು ತಿದ್ದಿದವರು ಅಂತ."

ಅವರು ಕೈ ಒರೆಸಿಕೊಂಡು ಪುಸ್ತಕ ಇಸಿದುಕೊಂಡರು. ಆ ಪುಟ ಅವರಿಗೆ ಚೆನ್ನಾಗಿ ನೆನಪಿತ್ತು. ಮೂರನೆಯ ಸಾಲಿನಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು, ಕೊನೆಯ ಸಾಲಿನಲ್ಲಿ ಒಂದೇ ಪದ ಎರಡು ಸಲ ಬಿದ್ದಿತ್ತು. ಎರಡನ್ನೂ ಅವರೇ ಸರಿ ಮಾಡಿದ್ದರು. ಆದರೆ ಆ ಮಾತನ್ನು ಅವರು ಹಿಂದೆಂದೂ ಕೇಳಿರಲಿಲ್ಲ.

"ಇದನ್ನ ನೀವು ಓದಿದ್ರಾ ಅಪ್ಪ?" ಮಗಳ ದನಿ ಮೆತ್ತಗಿತ್ತು. ಬೈದಿದ್ದರೇ ವಾಸಿಯಿತ್ತು.

"ನಾಲ್ಕು ಸಲ ಓದಿದೀನಿ" ಅಂದರು. "ಎರಡು ಸಲ ಮೊದಲ ಕರಡು, ಎರಡು ಸಲ ಎರಡನೇದು."

ಮಗಳು ಎದ್ದು ಒಳಗೆ ಬಂದಳು. ಉಳಿದ ತರಕಾರಿಯನ್ನು ತಾನೇ ಹೆಚ್ಚಿದಳು. ಬಾಗಿಲು ದಾಟುವಾಗ ಮಾತ್ರ, "ನಿಮಗೂ ಗೊತ್ತಿರ್ಲಿಲ್ಲ ಬಿಡಿ" ಎಂದಳು. ಗೊತ್ತಿರಲಿಲ್ಲ ಎನ್ನುವುದು ಸುಳ್ಳು ಎಂದು ಅವರಿಗೆ ಅನ್ನಿಸಿತು. ಕೈಯಲ್ಲೇ ಇತ್ತು, ಕಣ್ಣೆದುರೇ ಇತ್ತು, ನಾಲ್ಕು ವರ್ಷ ಮೊದಲೇ ಇತ್ತು. ಊರಿಗೆಲ್ಲ ಆ ಪುಸ್ತಕ ಹಂಚಿದವರಲ್ಲಿ ತಾವೂ ಒಬ್ಬರು, ತಮ್ಮ ಮನೆಗೆ ಮಾತ್ರ ತಂದಿರಲಿಲ್ಲ.

ಮರುದಿನದಿಂದಲೇ ಅವರು ಪುಸ್ತಕದ ಹಾಗೆ ನಡೆಯಲು ಹೊರಟರು. ಹೆಂಡತಿಯ ಎದುರು ಕೂತು, ಆಕೆಯ ಕೈ ತಮ್ಮ ಕೈಯಲ್ಲಿಟ್ಟುಕೊಂಡು, ಏನಾದರೂ ಹೇಳು ಹೇಳು ಎಂದು ಕಾಡಿದರು. ಮೂರು ದಿನ ಆಕೆ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಕಿಟಕಿಯ ಬಿಸಿಲು ನೋಡುತ್ತಾ ಅಳುಕುತ್ತಾ ಅಂದಳು:

"ಇವತ್ತು... ಭಾನುವಾರ."

ಅಂದು ಗುರುವಾರ. ಸೂಜಿಗಣ್ಣಿನವರು ತುಟಿ ಕಚ್ಚಿ ಹಿಡಿದು, "ಹೌದು, ಭಾನುವಾರ" ಎಂದರು.

ಆಕೆ ಅವರನ್ನು ದಿಟ್ಟಿಸಿ ನೋಡಿದಳು. ಇಷ್ಟು ವರ್ಷದಲ್ಲಿ ಒಂದು ಸಲವೂ ಇಷ್ಟು ಸಲೀಸಾಗಿ ಹೌದು ಅಂದವರಲ್ಲ. ಎಲ್ಲೋ ಏನೋ ದೊಡ್ಡ ತಪ್ಪಾಗಿರಬೇಕು ಎಂಬಂತೆ ಆಕೆಯ ಕಣ್ಣು ಗಾಬರಿಗೊಂಡಿತು. ಕೈ ಹಿಂದಕ್ಕೆಳೆದುಕೊಂಡಳು.

"ಹೆದರ್ಬೇಡ" ಎಂದರು ಅವರು. "ಇನ್ಮೇಲೆ ನಿನ್ನ ಮಾತಲ್ಲಿ ನಾನು ತಪ್ಪು ಹುಡುಕಲ್ಲ. ಇಷ್ಟು ದಿನ ಮಾಡಿದ್ದು ನನ್ನ ತಪ್ಪು. ನಿನಗೆ ಏನು ಬೇಕೋ ಹೇಳು, ಹೇಗೆ ಬೇಕೋ ಹೇಳು."

ಆಕೆ ಸೆರಗನ್ನು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ಆಗಲಿ ಮೇಷ್ಟ್ರೇ" ಎಂದಳು.

ಸೂಜಿಗಣ್ಣಿನವರು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಬಹಳ ಹೊತ್ತು ಮುಖ ತೊಳೆದರು. ಆಕೆ ಗಂಡನನ್ನು ಮರೆತದ್ದಕ್ಕೆ ಅವರು ಅಳಲಿಲ್ಲ. ಮರೆತ ಮೇಲೂ ಆಕೆಯ ಮನಸ್ಸಿನಲ್ಲಿ ಉಳಿದ ತಮ್ಮ ರೂಪ ಅದೊಂದೇ ಎಂದು ಅತ್ತರು.

ಅದಾಗಿ ಎಂಟು ದಿನಕ್ಕೆ ಅವರು ಆಕೆಯ ಮಾತ್ರೆ ತರಲೆಂದು ಮಧ್ಯಾಹ್ನ ಪೇಟೆಗೆ ಹೋದವರು ಅಂಗಡಿ ಮುಚ್ಚಿದ್ದರಿಂದ ಬೇಗ ಮರಳಿದರು. ಮೆಟ್ಟಿಲು ಹತ್ತುವಾಗ ಒಳಗಿನಿಂದ ಮಾತು ಕೇಳಿಸಿತು. ಆರೈಕೆಯ ಹೆಂಗಸು ಯಾರನ್ನೋ ಕರೆದಿದ್ದಾಳೆ ಎಂದುಕೊಂಡರು. ಬಾಗಿಲ ಹತ್ತಿರ ಬಂದು ನಿಂತರು. ಆ ದನಿ ಅವರ ಹೆಂಡತಿಯದು.

"...ಆಮೇಲೆ ನಮ್ಮಣ್ಣ ದೋಣೀಲಿ ನನ್ನನ್ನ ಕೂರಿಸ್ಕೊಂಡು ಹೋದ. ನಿನ್ನೆ ಹೋಗಿದ್ವಲ್ಲ, ಅದೇ ದೋಣಿ. ನೀನೂ ಇದ್ದೆ."

"ಇದ್ದೆ ಇದ್ದೆ. ನನ್ ಸೀರೆ ಪೂರ್ತಿ ನೆಂದು ತೊಪ್ಪೆ ಆಗಿತ್ತಲ್ಲಮ್ಮ" ಎಂದಳು ಆರೈಕೆಯ ಹೆಂಗಸು.

"ನೆಂದಿರ್ಲಿಲ್ಲ ಕಣೆ. ಸುಳ್ಳಿ." ಆಕೆ ನಕ್ಕಳು. "ನೀನು ದಡದಲ್ಲೇ ಕೂತ್ಕೊಂಡು ತಿಂತಾ ಇದ್ದೆ."

"ಹೊಟ್ಟೆ ಕೇಳ್ಬೇಕಲ್ಲಮ್ಮ. ಆಮೇಲೆ ಏನಾಯ್ತು?"

ಆಕೆಯ ಅಣ್ಣ ದೋಣಿ ಹತ್ತಿದವನೇ ಅಲ್ಲ, ನೀರೆಂದರೆ ಹೆದರುವವನು. ಆ ತಪ್ಪು ಮುಳ್ಳಿನಂತೆ ಚುಚ್ಚಬೇಕಿತ್ತು, ಚುಚ್ಚಲಿಲ್ಲ. ಪೂರ್ತಿ ಮಾತು, ಒಂದಲ್ಲ ಹತ್ತು, ಅದೂ ನಗುತ್ತಾ. ಸೂಜಿಗಣ್ಣಿನವರು ತಡೆಯಲಾರದೆ ಬಾಗಿಲು ತಳ್ಳಿ ಒಳಗೆ ಹೆಜ್ಜೆಯಿಟ್ಟರು.

"ಶ್... ಮೇಷ್ಟ್ರು ಬಂದ್ರು" ಎಂದಳು ಆಕೆ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡತೊಡಗಿದಳು.

ಆರೈಕೆಯ ಹೆಂಗಸು ಎದ್ದು ನಿಂತಳು, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ. "ನಿಮಗೆ ಹೇಳ್ಬೇಕು ಅಂತಾನೇ ಇದ್ದೆ ಯಜಮಾನ್ರೇ. ನೀವಿಲ್ದಾಗ ಅಮ್ಮ ಮಾತಾಡ್ತಾರೆ. ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

"ಎಷ್ಟು ದಿನದಿಂದ?"

"ನಾನು ಬಂದ ಎರಡನೇ ವಾರದಿಂದ."

ಅವರು ಅಲ್ಲೇ ನಿಂತು ಹೆಂಡತಿಯ ಗೋಡೆಗೆ ತಿರುಗಿದ ಕತ್ತನ್ನು ನೋಡಿದರು. ಹತ್ತಿರ ಹೋಗಿ ಕೂರಬಹುದಿತ್ತು. ಕೂತರೆ ಆಕೆ ಸಂಜೆಯವರೆಗೆ ಹಾಗೇ ಇರುತ್ತಾಳೆ ಎನ್ನುವುದು ಅವರಿಗೆ ಗೊತ್ತಿತ್ತು.

"ಅಂಗಡಿ ಇನ್ನೂ ತೆಗೆದಿರ್ಲಿಲ್ಲ" ಎಂದರು, ಇಬ್ಬರಿಗೂ ಕೇಳುವ ಹಾಗೆ. "ಮತ್ತೆ ಹೋಗ್ಬರ್ತೀನಿ. ತಡ ಆಗುತ್ತೆ."

ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರು. ಬಾಗಿಲನ್ನು ಜೋರಾಗಿ, ಹೋದರು ಎಂದು ಆಕೆಗೆ ಗೊತ್ತಾಗುವಷ್ಟು ಜೋರಾಗಿ ಎಳೆದುಕೊಂಡರು. ನಾಲ್ಕು ಮೆಟ್ಟಿಲು ಸದ್ದು ಮಾಡುತ್ತಾ ಇಳಿದರು. ಆಮೇಲೆ ಚಪ್ಪಲಿ ಕೈಗೆ ತೆಗೆದುಕೊಂಡು, ಬರಿಗಾಲಲ್ಲಿ ಮೇಲೆ ಬಂದು, ಕಿಟಕಿಯ ಕೆಳಗಿನ ಮೆಟ್ಟಿಲ ಮೇಲೆ ಕೂತರು.

 ಅವರು ಕಾದರು.

"ಹೋದ್ರಾ?" ಎಂದಳು ಆಕೆ.

"ಹೋದ್ರಮ್ಮ. ನೀವು ಹೇಳಿ."