ಹುರುಳಿ ಹರಡಿದ ರಸ್ತೆ

ಮೊನ್ನೆ ಗುಬ್ಬಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಅದೇ ವಾಸನೆ ಬಂತು. ಚಕ್ರಕ್ಕೆ ಸಿಕ್ಕ ಹುರುಳಿಗಿಡದ ಒಣ ವಾಸನೆ, ಬಿಸಿಲಿಗೆ ಕಾದ ಟಾರು, ಧೂಳು. ಪಕ್ಕದಾಕೆ ಮೂಗಿಗೆ ಸೆರಗು ಹಿಡಿದರು. ನಾನು ಮುಂದಿನ ಸೀಟಿನ ಕಂಬಿ ಹಿಡಿದೆ...

ನಮ್ಮ ಬೀದಿಯ ಡ್ರೈವರ್ ಸಾಹೇಬರು ಎಪ್ಪತ್ತರ ದಶಕದ ತುಮಕೂರಿನಲ್ಲಿ ತಮ್ಮ ಹಳೇ ಅಂಬಾಸಿಡರ್‌ನಲ್ಲಿ ಅರ್ಧ ಊರಿಗೆ ಕಾರು ಕಲಿಸಿದವರು. ಯಾರನ್ನೂ ಬೈದವರಲ್ಲ. ಗೇರು ಕಿರುಗುಟ್ಟಿದರೆ, "ಪಾಪ, ಅದಕ್ಕೂ ಜೀವ ಐತೆ, ಮೆತ್ತಗೆ" ಎನ್ನುತ್ತಿದ್ದರು. ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕಲು ಪರದೇಶದಿಂದ ಬಂದಿದ್ದ ನರ್ಸಮ್ಮನೊಬ್ಬರು ಅವರ ಹತ್ತಿರ ಕಲಿಯಲು ಬಂದರು. ತಮ್ಮ ದೇಶದಲ್ಲೂ ಆಕೆ ಕಾರು ಓಡಿಸಿದವರಲ್ಲ. ಸಾಹೇಬರಿಗೆ ಇಂಗ್ಲಿಷ್ ಬಾರದು, ಆಕೆಗೆ ಕನ್ನಡ ಬಾರದು. ನಾನಾಗ ಬಿ.ಎ. ಓದುತ್ತಿದ್ದೆ. ಸಾಹೇಬರು ನಮ್ಮಪ್ಪನನ್ನು ಕೇಳಿ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಅವರ ಮಾತನ್ನು ಇಂಗ್ಲಿಷಿನಲ್ಲಿ ಹೇಳುವುದು ನನ್ನ ಕೆಲಸ.

ಎತ್ತಿನ ಗಾಡಿ, ಕುರಿಮಂದೆ, ಒಂದೇ ಸೈಕಲ್ಲಿನ ಮೇಲೆ ಮೂವರು... ಆಕೆ ಪ್ರತಿಯೊಂದಕ್ಕೂ ಕಾರು ನಿಲ್ಲಿಸಿ ಸಾರಿ ಹೇಳುತ್ತಿದ್ದರು. "ಕುರಿಗೆಲ್ಲ ಸಾರಿ ಕೇಳ್ತಾ ಕೂತ್ರೆ ಗುಬ್ಬಿ ಸೇರೋದ್ ಯಾವಾಗ ಅಂತ ಕೇಳಮ್ಮ" ಎಂದು ಸಾಹೇಬರು ನಗುತ್ತಿದ್ದರು.

ಆ ಬೆಳಿಗ್ಗೆ ಗುಬ್ಬಿ ಇನ್ನು ಮೂರು ಮೈಲಿ ಇತ್ತು. ರಸ್ತೆಯ ಎಡಭಾಗದುದ್ದಕ್ಕೂ ಹುರುಳಿ ಹರಡಿದ್ದರು. ನಮ್ಮ ಕಡೆ ಅದು ವಾಡಿಕೆ. ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಸಾಹೇಬರು ದೂರದಿಂದಲೇ ನೋಡಿ ಹೇಳಿದರು: "ಹುಳ್ಳಿ ಮೇಲೇ ಹತ್ಸಕ್ಕೆ ಹೇಳಮ್ಮ. ಏನೂ ಆಗಲ್ಲ ಅನ್ನು."

ನಾನು ಹುರುಳಿಗೆ ಇಂಗ್ಲಿಷ್ ಪದ ಹುಡುಕುತ್ತ ಕೂತೆ. ಅದರ ಮೇಲೇ ಹೋಗಿ ಎಂದಿದ್ದರೆ ಸಾಕಿತ್ತು. ಕಾಲೇಜಿನ ಹುಡುಗಿಗೆ ಸರಿಯಾದ ಪದವೇ ಬೇಕಿತ್ತು... ಅಷ್ಟರಲ್ಲಿ, ಜನ ತಿನ್ನುವ ಕಾಳನ್ನು ತುಳಿಯಬಾರದೆಂದು ಆಕೆ ಕಾರನ್ನು ಬಲಕ್ಕೆ ತಿರುಗಿಸಿಬಿಟ್ಟರು. ಎದುರಿಗೆ ಚೇಳೂರಿನ ಬಸ್ಸು. ಅದರ ಮುಂದೆ ಕಟ್ಟಿದ್ದ ನಿಂಬೆಹಣ್ಣು ನನಗೆ ಕಾಣಿಸಿತು, ಅಷ್ಟು ಹತ್ತಿರ. ಸಾಹೇಬರು ಪೂರ್ತಿ ಬಗ್ಗಿ, ಸ್ಟೇರಿಂಗ್ ಕಿತ್ತುಕೊಂಡು ಎಡಕ್ಕೆ ಎಳೆದರು. ಕಾರು ಹುರುಳಿಯ ಮೇಲೆ ಜಾರಿ, ರಸ್ತೆಯಂಚಿನ ಮೆದೆಗೆ ಮೂತಿ ತೂರಿಸಿ ನಿಂತಿತು. ಬಸ್ಸು ಹಾರನ್ ಬಿಡದೆ ಒತ್ತುತ್ತ ಪಕ್ಕದಲ್ಲೇ ಹಾದುಹೋಯಿತು.

ಮೊರ ಹಿಡಿದ ಹೆಂಗಸೊಬ್ಬಳು ಓಡಿಬಂದಳು. "ಹುಳ್ಳಿ ಹರ್ಡಿರೋದು ಗಾಡಿ ಹತ್ಸಕ್ಕೆ ಕಣಮ್ಮೋ, ಸುತ್ ಬಂದು ಕೈ ಮುಗ್ಯಕ್ಕಲ್ಲ!"

ನರ್ಸಮ್ಮ ಅಳುತ್ತಿದ್ದರು. ಸಾಹೇಬರು ತಿರುಗಿ ನನ್ನನ್ನು ನೋಡಿದರು. "ತಪ್ಪು ನಂದೇ ಅನ್ನಮ್ಮ ಅವ್ರಿಗೆ. ನಾನ್ ಹೇಳೋದು ಲೇಟಾಯ್ತು ಅನ್ನು."

ಅದನ್ನು ಮಾತ್ರ ನಾನು ತಡವಿಲ್ಲದೆ ಇಂಗ್ಲಿಷಿನಲ್ಲಿ ಹೇಳಿದೆ.

ಮರುದಿನ ನಮ್ಮ ಮನೆಯ ಮುಂದೆ ಹಾರನ್ ಕೇಳಿಸಿತು. ತಲೆನೋವೆಂದು ಅಮ್ಮನಿಂದ ಹೇಳಿಸಿದೆ. ಅದರ ಮರುದಿನವೂ ಅದೇ. ಮೂರನೆಯ ದಿನ ಸಾಹೇಬರೇ ಬಾಗಿಲಿಗೆ ಬಂದರು. "ಓಡ್ಸೋರೇ ಬಂದು ಕೂತವ್ರೆ, ಹಿಂದೆ ಕೂರೋಕೆ ನಿಂಗೇನಮ್ಮ ಹೆದ್ರಿಕೆ?" ಎಂದು ನಕ್ಕರು. ಯಾವುದರ ಹೆದರಿಕೆ ಎಂದು ಹೇಳದೆ, ಪರೀಕ್ಷೆ ಹತ್ತಿರ ಬಂತು ಎಂದೆ. ಸಾಹೇಬರು "ಆಗ್ಲಿ ಬುಡಮ್ಮ, ಓದ್ಕೋ" ಎಂದು ಹೋದರು. ಬರೀ ಕೈಸನ್ನೆಯಲ್ಲೇ ಕಲಿಸಿ ಆಕೆಗೆ ಲೈಸೆನ್ಸ್ ಕೊಡಿಸಿದರಂತೆ.

ಸಾಹೇಬರು ತೀರಿಹೋಗಿ ಬಹಳ ವರ್ಷವಾಯಿತು. ಮದುವೆಯಾಗಿ ಬೇರೆ ಊರಿನಲ್ಲಿದ್ದ ನನಗೆ ಸುದ್ದಿ ಸಿಕ್ಕಿದ್ದು ಯಾವಾಗಲೋ. ಈಗಲೂ ಯಾವ ಗಾಡಿಯಲ್ಲಿ ಕೂತರೂ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ. ಅದು ಇರಲಿ... ಅವರು ಸಕಾಲಕ್ಕೇ ಹೇಳಿದ್ದರು. ನನಗೆ ಕೇಳಿಸಿತ್ತು, ಸಮಯವೂ ಇತ್ತು. ಇಷ್ಟನ್ನು ಅವರೆದುರು ಹೇಳಬೇಕಿತ್ತು. ಅವರಿಗೆ ಗೊತ್ತೇ ಇತ್ತು ಎನ್ನುವುದು ಬೇರೆ ಮಾತು.