ಇಂಟು ಹಾಕಿದ ಮುಖ

ಕಳೆದ ಮಾರ್ಚಿ, ಸೆಕೆ ಆಗಷ್ಟೇ ಏರತೊಡಗಿದ ದಿನಗಳು. ಬೆಳಗಿನ ಐದು ಗಂಟೆ. ಕಡಲಂಚಿನ ಮಲಾಬೋನ್ ಪಟ್ಟಣದ ನಮ್ಮ ಓಣಿಗೆ ಉಬ್ಬರದ ನೀರು ಬಂದು ಪಾದ ಮುಳುಗುವಷ್ಟು ನಿಂತಿದೆ. ಆಲಿಂಗ್ ಪೆಲಿಂಗ್, ಅಂದರೆ ನಮ್ಮ ಪೆಲಿಂಗಮ್ಮ, ಕಾಲೆರಡನ್ನೂ ಬೆಂಚಿನ ಅಡ್ಡಪಟ್ಟಿಯ ಮೇಲಿಟ್ಟು ಹಾಳೆಯ ಮೇಲೆ ಬಾಗಿದ್ದಾರೆ. ಕೈಯಲ್ಲಿ ಕುಂಚ, ಪಕ್ಕದಲ್ಲಿ ಶಾಯಿಯ ಬಟ್ಟಲು.

ಚಿತ್ರಕಥೆಯ ಪುಸ್ತಕದಲ್ಲಿ ಚಿತ್ರ ಬರೆಯುವವರು ಬೇರೆ, ಕಪ್ಪು ತುಂಬುವವರು ಬೇರೆ. ಎಲ್ಲಿ ಕಪ್ಪು ಬರಬೇಕೋ ಅಲ್ಲಿ ಚಿತ್ರಕಾರ ಪೆನ್ಸಿಲ್ಲಿನಲ್ಲಿ ಸಣ್ಣ ಇಂಟು ಮಾರ್ಕು ಹಾಕಿ ಬಿಡುತ್ತಾನೆ. ಇಂಟು ಕಂಡಲ್ಲೆಲ್ಲ ಕುಂಚ ಆಡಿಸುವುದು ಇವರ ಕೆಲಸ. ಐವತ್ತೆರಡು ವರ್ಷದಿಂದ, ದಿನಕ್ಕೆ ಹನ್ನೆರಡು ಹಾಳೆ. ಒಂದು ಪುಸ್ತಕದಲ್ಲೂ ಅವರ ಹೆಸರಿಲ್ಲ.

"ಗೆರೆ ದಾಟಬಾರದು, ಗೆರೆ ಮುಟ್ಟದೇನೂ ಇರಬಾರದು. ಇಷ್ಟೇ ವಿದ್ಯೆ," ಎನ್ನುತ್ತಾರೆ.

ಸಮಾರ್ ದ್ವೀಪದಿಂದ ಹತ್ತೊಂಬತ್ತನೇ ವಯಸ್ಸಿಗೆ ಚಿತ್ರಕಾರ ಮಾಂಗ್ ಡೋರೋ ಅವರ ಮನೆಗೆ ಅಡುಗೆಗೆಂದು ಬಂದವರು. ಕಪ್ಪು ತುಂಬುವವನಿಗೆ ಒಂದು ದಿನ ಜ್ವರ ಬಂತು, ಡೋರೋ ಇವರ ಕೈಗೆ ಕುಂಚ ಕೊಟ್ಟರು. ಆಗ ಬರುತ್ತಿದ್ದದ್ದು 'ಮೇಯರ್ ಬುಟೆಟೆ'. ಬುಟೆಟೆ ಮೀನಿನಂತೆ ಹೊಟ್ಟೆ ಉಬ್ಬಿಸಿಕೊಂಡು ತಿರುಗುವ ಮೇಯರು, ವಾರವಾರವೂ ಅವನ ಗಾಳಿ ತೆಗೆಯುವ ಸಮಾರಿನ ಅಡುಗೆಯವಳು ಉರ್ಸಾಂಗ್. ಅವಳ ಮುಖ ಪೂರ್ತಿ ಮಸಿ, ನಡುವೆ ಎರಡು ಬಿಳಿ ಕಣ್ಣು, ಒಂದು ದಪ್ಪ ತುಟಿ. ಯಾರನ್ನು ನೋಡಿ ಅವಳನ್ನು ಬರೆದರೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಮುಖವನ್ನು ತುಂಬುತ್ತಿದ್ದವರೂ ಇವರೇ.

ಡೋರೋ ತೀರಿ ಹನ್ನೊಂದು ವರ್ಷ. ಅವರ ಅಣ್ಣನ ಮಗ ಆರಿಸ್ ಈಗ ಆ ಕಥೆಯನ್ನು ತಾನೇ ಬರೆದು ಮತ್ತೆ ತರುತ್ತಿದ್ದಾನೆ. ಸುದ್ದಿ ಹಬ್ಬಿದ್ದೇ ತಡ, ಶನಿವಾರದ ಬೆಳಗ್ಗೆ ಪಾನ್ಸಿಟ್ ಶಾವಿಗೆಯ ಅಂಗಡಿಯಲ್ಲಿ ಸೇರುವ ಅಭಿಮಾನಿಗಳಲ್ಲಿ ಎರಡು ಪಕ್ಷವಾಗಿದೆ.

"ಮಸಿ ಮುಖ ಇಲ್ದಿದ್ರೆ ಅವಳು ಉರ್ಸಾಂಗೇ ಅಲ್ಲ," ಎನ್ನುತ್ತಾರೆ ಬಾಡಿಗೆಯ ಜೀಪ್ನಿ ಬಂಡಿ ಓಡಿಸುತ್ತಿದ್ದ ಮಾಂಗ್ ತಾಸ್ಯೋ. "ಗೇಲಿ ಮಾಡಿದ್ದು ಮೇಯರನ್ನ. ಪ್ರತಿ ಸಲ ಗೆದ್ದೋಳು ಯಾರು ಹೇಳಿ?"

"ಗೆದ್ದಳು, ಸರಿ. ಶಾಲೇಲಿ ನನ್ನನ್ನ ಉರ್ಸಾಂಗ್ ಅಂತ ಕರೀತಿದ್ರು, ಮಾಂಗ್ ತಾಸ್ಯೋ. ನಿಮ್ಮನ್ನ ಯಾರಾದ್ರೂ ಮೇಯರ್ ಅಂತ ಕರೆದ್ರಾ?" ಎಂದಳು ಟೀಚರ್ ಲೋರ್ನಾ. ಅವಳೂ ಸಮಾರಿನವಳೇ.

"ಹೊಟ್ಟೆ ನೋಡಿ ಕರೀಬೋದಿತ್ತು," ಎಂದು ಅಂಗಡಿಯವಳು ಒಳಗಿಂದ ಹೇಳಿದಳು.

ಜಗಳ ಕೊನೆಗೆ ಇನ್ನೂರ ಹದಿನಾಲ್ಕನೇ ಸಂಚಿಕೆಗೇ ಬಂದು ನಿಲ್ಲುತ್ತದೆ. ಅದೊಂದರಲ್ಲಿ ಉರ್ಸಾಂಗಳ ಮುಖ ಖಾಲಿ ಬಿಳಿ. ಡೋರೋ ಪಶ್ಚಾತ್ತಾಪಪಟ್ಟರು ಎಂದು ಲೋರ್ನಾ. ಅದು ಮೇಯರ್ ಕಂಡ ಕನಸು ಎಂದು ತಾಸ್ಯೋ. ಆ ಸಂಚಿಕೆಯ ಬಗ್ಗೆ ಮಾತ್ರ ಎಂಟು ವರ್ಷದಿಂದಲೂ ಇದೇ ವಾದ.

ಅಂಥ ಒಂದು ಶನಿವಾರ ಪಾನ್ಸಿಟ್ ಕಟ್ಟಿಸಿಕೊಳ್ಳಲು ಬಂದಿದ್ದ ಪೆಲಿಂಗ್ ಅವರನ್ನು, ಟಿಯಾ ಅಂದರೆ ಚಿಕ್ಕಮ್ಮ ಎಂದೇ ಕರೆಯುವ ಆರಿಸ್ ಕೇಳಿದ: "ಟಿಯಾ, ಚಿಕ್ಕಪ್ಪನ ಮನಸ್ಸಲ್ಲಿ ಏನಿತ್ತು?"

"ಏನೂ ಇರ್ಲಿಲ್ಲ. ಅವರು ಇಂಟು ಹಾಕಿದ್ರು, ನಾನು ತುಂಬ್ಲಿಲ್ಲ," ಎಂದರು. "ಆ ವಾರ ಊರಿಂದ ಅಮ್ಮ ಬಂದಿದ್ಲು. ಓದೋಕೆ ಬರಲ್ಲ, ಚಿತ್ರ ನೋಡ್ತಾಳೆ. ಇದ್ಯಾರೇ ನಿನ್ನ ಥರಾನೇ ಇದ್ದಾಳೆ, ಮಸಿ ಯಾಕೆ ಬಳಿದಿದ್ದಾರೆ ಅಂತ ಕೇಳಿದ್ರೆ ಏನು ಹೇಳ್ಲಿ? ಅಚ್ಚಾದ ಮೇಲೆ ನೋಡಿ ನಿನ್ನ ಚಿಕ್ಕಪ್ಪ ಮೂರು ದಿನ ನನ್ನ ಹತ್ರ ಮಾತು ಬಿಟ್ರು. ಅಮ್ಮ ಊರಿಗೆ ಹೋದ್ಲು, ನಾನು ಮತ್ತೆ ತುಂಬಿದೆ."

"ಅಂದ್ರೆ ಎಂಟು ವರ್ಷ ನಾನು ನಿಮ್ಮಮ್ಮನ ವಿಷಯಕ್ಕೆ ಜಗಳ ಆಡ್ದೆನಾ!" ಎಂದರು ತಾಸ್ಯೋ.

ಹಳೆಯದು ಹೇಗಿತ್ತೋ ಹಾಗೇ ಇರಲಿ ಎಂಬುದು ಪ್ರಕಾಶಕರ ಮಾತು. ಜೂನಿನಲ್ಲಿ ಆರಿಸ್ ಬರೆದ ಹಾಳೆಗಳು ಬಂದವು, ಉರ್ಸಾಂಗಳ ಮುಖದ ಮೇಲೆ ಇಂಟು. ಪೆಲಿಂಗ್ ಮೇಯರನ ಕೋಟು ತುಂಬಿದರು, ಬೂಟು ತುಂಬಿದರು, ಮುಖ ಬಿಟ್ಟರು.

"ಕಂಪ್ಯೂಟರಲ್ಲಿ ಒಂದು ಸಲ ಒತ್ತಿದ್ರೆ ತುಂಬತ್ತೆ ಟಿಯಾ. ಆಮೇಲೆ ನಿಮ್ಮ ಹತ್ರ ಹಾಳೆ ಕಳಿಸೋದೇ ಬೇಡ ಅಂತಾರೆ," ಎಂದ ಆರಿಸ್, ಬಾಗಿಲಲ್ಲಿ ನಿಂತು.

"ಕಳಿಸ್ಬೇಡಿ. ಕಪ್ಪಿಗೆ ನಾಚಿಕೆ ಇಲ್ಲಪ್ಪ, ನಾನೂ ಕಪ್ಪೇ. ಆದ್ರೆ ನಮ್ಮವರ ಮುಖ ಹಂಡೆ ತಳ ಅಲ್ಲ. ಕೆನ್ನೆ ಇದೆ, ಮೂಗಿದೆ." ಅವನ ಜೇಬಿನ ಪೆನ್ನು ಕೇಳಿ ತೆಗೆದುಕೊಂಡರು. ಐವತ್ತೆರಡು ವರ್ಷದಲ್ಲಿ ಮೊದಲ ಸಲ ಕುಂಚ ಕೆಳಗಿಟ್ಟು ಗೆರೆ ಎಳೆದರು. ಕೂದಲೆಳೆಯಂಥ ಗೆರೆ, ಒತ್ತೊತ್ತಾಗಿ. ಒಂದು ಗಂಟೆಯಲ್ಲಿ ಉರ್ಸಾಂಗಳಿಗೆ ಕೆನ್ನೆಯ ಮೂಳೆ ಬಂತು. ಬಣ್ಣ ಕಪ್ಪೇ. ಆರಿಸ್ ರಬ್ಬರು ತೆಗೆದು, ಗೆರೆಗಳ ಅಡಿಯಲ್ಲಿ ಕಾಣುತ್ತಿದ್ದ ಇಂಟು ಅಳಿಸಿದ. ಪ್ರಕಾಶಕರಿಗೆ ಏನು ಹೇಳಿದನೋ, ಹಾಳೆಗಳು ಬರುವುದು ನಿಲ್ಲಲಿಲ್ಲ.

ಪುಸ್ತಕದಲ್ಲಿ ಹೆಸರು ಹಾಕಲೇ ಎಂದು ಆರಿಸ್ ಕೇಳಿದ್ದಕ್ಕೆ ಪೆಲಿಂಗ್ ನಕ್ಕರು. "ಹೆಸರು ಆಮೇಲೆ. ಇನ್ನೊಂದಿಪ್ಪತ್ತು ಮುಖ ಆಗ್ಲಿ. ಕಿವಿ ಇನ್ನೂ ಸರಿಯಾಗಿ ಬರ್ತಿಲ್ಲ."

ಸಂಚಿಕೆ ಹೊರಬಂದ ದಿನ ತಾಸ್ಯೋ ಅಂಗಡಿಯಲ್ಲಿ ಪೆಲಿಂಗ್ ಎದುರಿಗೇ ಅದನ್ನು ಎರಡು ಸಲ ಓದಿದರು. "ಕೈ ಚೆನ್ನಾಗಿದೆ, ಆಲಿಂಗ್ ಪೆಲಿಂಗ್. ಆದ್ರೆ ಇವಳು ನನ್ನ ಉರ್ಸಾಂಗ್ ಅಲ್ಲ," ಎಂದು ಟೋಪಿ ಎತ್ತಿಕೊಂಡು ಗುಂಪು ಬಿಟ್ಟು ಹೋದರು. ಅದು ಆಗಸ್ಟಿನ ಮೊದಲ ಶನಿವಾರ.