ದ್ರಾಕ್ಷಿ ತೋಟದಲ್ಲಿ ತೂಗುತ್ತಿದ್ದ ಆಯಿ

ಅಥಣಿ ಕಡೆಯ ದ್ರಾಕ್ಷಿ ತೋಟಗಳಲ್ಲಿ ಹಳೆಯ ಸಿಡಿಗಳನ್ನು ದಾರಕ್ಕೆ ಕಟ್ಟಿ ತೂಗಿಬಿಡುವುದನ್ನು ನೀವೂ ಕಂಡಿರಬಹುದು. ಗಾಳಿಗೆ ತಿರುಗಿದಾಗ ಬಿಸಿಲು ಹೊಳೆದು ಹಕ್ಕಿ ಹೆದರುತ್ತದೆ. ಈಚೆಗೆ ನನ್ನ ಅಕ್ಕ ಪದ್ಮಕ್ಕನ ತೋಟದಲ್ಲಿ ಅಂಥ ಹೊಳಪೊಂದು ನೇರ ನನ್ನ ಕಣ್ಣಿಗೇ ಹೊಡೆಯಿತು. ಬೈಯುತ್ತ ಹಿಡಿದು ನೋಡಿದರೆ, ಮೇಲೆ ನನ್ನದೇ ಕಾಗೆಕಾಲು ಗುಬ್ಬಿಕಾಲಿನ ಅಕ್ಷರ: ‘ಆಯಿ’.

ಅಕ್ಕ, ನಾನು ಇಬ್ಬರೂ ತಾಯಿಯನ್ನು ಕರೆಯುತ್ತಿದ್ದುದು ಹಾಗೆ. ಚಿಕ್ಕೋಡಿಯಲ್ಲಿ ನಾನು ಸ್ಟುಡಿಯೋ ಇಟ್ಟಿದ್ದಾಗ, ಸಿಡಿ ಬರೆಯುವ ಯಂತ್ರ ಹೊಸದಾಗಿ ಬಂದ ಹುರುಪಿನಲ್ಲಿ, ಆಯಿಯಿಂದ ಬೀಸುಕಲ್ಲಿನ ಪದ ಹಾಡಿಸಿದ್ದೆ. ಕಲ್ಲಿಲ್ಲದೆ ಅವಳಿಗೆ ಹಾಡು ಬರಲೊಲ್ಲದು. ಕೊನೆಗೆ ಬೀಸುಕಲ್ಲನ್ನೇ ಹೊತ್ತು ತಂದೆ; ಫೋಟೋ ತೆಗೆಸಲು ಬಂದ ಹೊಸ ಜೋಡಿ ಇದು ಸ್ಟುಡಿಯೋನೋ ಗಿರಣಿಯೋ ಎಂದು ಬಾಗಿಲಲ್ಲೇ ನಿಂತಿತ್ತು. ಈಗ ಆಯಿಯೂ ಇಲ್ಲ, ಸ್ಟುಡಿಯೋನೂ ಇಲ್ಲ. ಅವಳ ದನಿ ಉಳಿದದ್ದು ಅಕ್ಕನ ಮನೆಯಲ್ಲಿಟ್ಟಿದ್ದ ಈ ಒಂದೇ ಸಿಡಿಯಲ್ಲಿ. ನನ್ನ ಅಕ್ಷರ ಯಾರಿಗೆ ಓದಲು ಬಂದೀತು? ಹಳೆಯ ಸಿನಿಮಾ ಎಂದುಕೊಂಡು ಅಕ್ಕ ಹಿಂದಿನ ದಿನವಷ್ಟೇ ಅದನ್ನು ಕಟ್ಟಿದ್ದಳು.

ವಿಷಯ ತಿಳಿದು ಅವಳ ಮುಖ ಬಿಳಚಿಕೊಂಡಿತು. ಅವಳ ಮೊಮ್ಮಗಳ ಮದುವೆ ಹತ್ತಿರ ಬಂದಿತ್ತು. ಅರಿಷಿಣ ಬೀಸುವಾಗ ಹಾಡುವ ಆಯಿಯ ಪದ ಮನೆಯಲ್ಲಿ ಯಾರಿಗೂ ಪೂರ್ತಿ ಬರುತ್ತಿರಲಿಲ್ಲ.

“ನನಗ ಅರ್ಧಾ ಮರತೈತಿ. ಏನರ ಮಾಡು, ಅರಿಷಿಣಕ್ಕ ಆಯಿ ಪದಾನ ಆಗಬೇಕ,” ಎಂದವಳೇ ಸಿಡಿಯನ್ನು ಸೆರಗಿನಿಂದ ಊಟದ ತಾಟು ಒರೆಸಿದಂತೆ ಸುತ್ತಲೂ ಒರೆಸತೊಡಗಿದಳು.

“ಅಕ್ಕಾ, ದುಂಡಗ ಒರಸಬ್ಯಾಡ! ನಡುವಿಂದ ಅಂಚಿಗೆ ಒರಸು!”

“ಯಾಕ, ದುಂಡಗ ಒರಸಿದ್ರ ಏನಾಕ್ಕೈತಿ?”

ಇಂಥ ಪ್ರಶ್ನೆಗೇ ಕಾದು ಕುಳಿತವನು ನಾನು. ಸಿಡಿಯಲ್ಲಿ ಒಳಗಿನಿಂದ ಹೊರಕ್ಕೆ ಸುತ್ತುವ ಒಂದೇ ಹಾದಿ. ಅದರುದ್ದಕ್ಕೂ ಕಣ್ಣಿಗೆ ಕಾಣದ ಸುಟ್ಟ ಗುರುತುಗಳು, ನಡುನಡುವೆ ಖಾಲಿ ಜಾಗ. ಗುರುತು ಶುರುವಾಗುವ, ಮುಗಿಯುವ ಅಂಚನ್ನು ಯಂತ್ರ ‘ಒಂದು’ ಎಂದು ಓದುತ್ತದೆ. ಬದಲಾಗದೆ ಸಾಗಿದಷ್ಟೂ ಸೊನ್ನೆ. ಸೊನ್ನೆಗಳೇ ಉದ್ದಕ್ಕೆ ಬಂದರೆ ಯಂತ್ರದ ಎಣಿಕೆ ತಪ್ಪುತ್ತದೆಂದು, ಅಂಚುಗಳು ತೀರ ದೂರವಾಗದಂತೆ ಸಂಕೇತವನ್ನೇ ಬದಲಿಸಿ ಬರೆದಿರುತ್ತಾರೆ. ಅಷ್ಟಾಗಿಯೂ ತಪ್ಪಿದರೆ? ಹಾಗೆ ಬರೆದ ಪ್ರತಿ ತುಂಡಿನ ತಲೆಗೆ ಬೇರೆಯೇ ಒಂದು ಗುರುತಿದೆ. ದನಿಯ ಸಂಕೇತದಲ್ಲಿ ಅಂಥದು ಎಲ್ಲಿಯೂ ಬರದು. ಅದು ಸಿಕ್ಕಿತೋ, ಯಂತ್ರ ಅಲ್ಲಿಂದ ಹೊಸದಾಗಿ ಎಣಿಸುತ್ತದೆ. ದನಿಯನ್ನೂ ದೂರ ದೂರ ಚೆಲ್ಲಿ ಬರೆದಿರುವುದರಿಂದ, ಹಾದಿಗೆ ಅಡ್ಡ ಬಿದ್ದ ಗೀರನ್ನು ಉಳಿದ ತುಣುಕುಗಳಿಂದ ತುಂಬಿಕೊಳ್ಳಬಹುದು. ದುಂಡಗೆ ಒರೆಸಿ ಹಾದಿಯ ಜೊತೆಗೇ ಸಾಗಿದ ಗೀರಾದರೆ ತುಂಬಲು ಏನೂ ಉಳಿಯುವುದಿಲ್ಲ. ಇಷ್ಟು ಹೇಳಿ ತಲೆಯೆತ್ತಿದರೆ ಅಕ್ಕ ಅಲ್ಲಿರಲಿಲ್ಲ. ಮೆತ್ತನೆಯ ಧೋತರದ ತುಂಡು ತರಲು ಹೋಗಿದ್ದಳು.

ಮೊಮ್ಮಗಳ ಹಳೆಯ ಕಂಪ್ಯೂಟರಿಗೆ ಹಾಕಿದೆವು. ಗುಂಯ್ ಎಂದು ತಿರುಗಿ ಸುಮ್ಮನಾಯಿತು.

“ಹೋಗ್ಲಿ ಬಿಡಕ್ಕಾ,” ಎಂದೆ.

“ಯಾಕ ಬಿಡ್ಲಿ? ಹುಟ್ಟಿಸಿದಾಕಿ ದನಿ ಐತಿ ಅದರಾಗ.”

ತೆಗೆದಳು, ನಡುವಿನಿಂದ ಅಂಚಿಗೆ ಒರೆಸಿದಳು, ಹಾಕಿದಳು. ಮತ್ತೆ ತೆಗೆದಳು. ಊಟ ಆರಿಹೋಯಿತು, ಅವಳು ಏಳಲಿಲ್ಲ.

ಕೊನೆಗೊಮ್ಮೆ ಕಲ್ಲಿನ ಗರಗರ ಸದ್ದು ಬಂತು, ಅದರ ಹಿಂದೆಯೇ ಆಯಿ. ಎರಡು ನುಡಿ ಚೆನ್ನಾಗಿ ಬಂದು, ಮೂರನೆಯದರಲ್ಲಿ ದನಿ ಕಡಿದುಹೋಯಿತು. ಯಂತ್ರ ತಡಕಾಡುತ್ತಿತ್ತು. ಆದರೆ ಅಕ್ಕ ನಿಲ್ಲಲಿಲ್ಲ. ಮರೆತೇಹೋಯಿತೆಂದಿದ್ದ ನುಡಿ ಅವಳ ಬಾಯಿಂದ ತಾನಾಗಿ ಹೊರಟಿತು. ಆಯಿ ಮರಳಿ ಬಂದಾಗ ಅವಳು ಸರಿಯಾಗಿ ಅದೇ ಮಾತಿನ ಮೇಲಿದ್ದಳು. ಇಬ್ಬರೂ ಕೂಡಿ ಪದ ಮುಗಿಸಿದರು.

ಕಣ್ಣೊರೆಸಿಕೊಂಡು, “ಅರಿಷಿಣದ ದಿನ ಇದನ್ನ ಸ್ಪೀಕರ್‌ಗೆ ಹಾಕೂಣು,” ಎಂದೆ.

“ಬ್ಯಾಡ. ಕಲ್ಲಿನ ಮುಂದ ನಾನ ಕುಂಡ್ರತೀನಿ. ನೀ ಬಾಜೂಕ ಕುಂಡ್ರು. ನಾ ಮತ್ತ ಮರತ್ರ ನೀ ಎತ್ತಿಕೊಡಬೇಕ.”

ಗಂಡಸು ಬೀಸುವ ಪದ ಹಾಡಿದರೆ ನಕ್ಕಾರು ಎಂದರೆ ಕೇಳಲಿಲ್ಲ. ಹೀಗಾಗಿ ಈಗ ಬೆಳಗೆದ್ದು ಆ ಪದ ಕಲಿಯುವುದೇ ನನ್ನ ಕೆಲಸ. ಮೊದಲೆರಡು ನುಡಿ ಸಿಡಿಯಿಂದ ಕಲಿತೆ. ಮೂರನೆಯದನ್ನು ಅಕ್ಕ ದಿನಾ ಫೋನಿನಲ್ಲಿ ಹೇಳಿಕೊಡುತ್ತಿದ್ದಾಳೆ.